ಬಲಗಡೆಯ ಗದ್ದೆ

ಎಲ್ಲೂರು, ಕಾಪು ತಾಲೂಕು
19 ಆಗಸ್ಟ್ 2024

'ಸಮಬಾಳು ವೇದಿಕೆ'ಯ ಸಂಚಾಲಕರಿಗೆ,

ನಿಮ್ಮ ಕರಪತ್ರ ನನಗೆ ಚರುಮುರಿಯ ಪೊಟ್ಟಣವಾಗಿ ಸಿಕ್ಕಿತು. ನನ್ನ ಹೆಂಡತಿ ಪ್ರಣೀತಾ ಕಾಪುವಿನ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾಳೆ. ಬರುವಾಗ ಬೀಚಿನ ಬದಿಯಿಂದ ತಂದಿದ್ದಳು. ತಿಂದು ಮುಗಿದ ಮೇಲೆ ಕಾಗದ ಬಿಡಿಸಿ ಓದಿದೆ. 'ಸನ್ಮಾನವೆಂಬುದು ಸಮಾಜ ಕೈತೊಳೆದುಕೊಳ್ಳುವ ಉಪಾಯ' ಎಂಬ ಸಾಲಿನ ಮೇಲೆ ಎಣ್ಣೆ ಬಿದ್ದಿತ್ತು. ಆದರೂ ಓದಲು ಆಯಿತು. ಕೆಳಗೆ ಮಣಿಪಾಲದ ವಿಳಾಸ ಇತ್ತು, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಹೆಸರು ವಿಠಲ. ಸೈನ್ಯದಲ್ಲಿ ಹವಾಲ್ದಾರನಾಗಿದ್ದೆ. ಗಸ್ತಿನಲ್ಲಿದ್ದಾಗ ನೆಲಬಾಂಬು ಸಿಡಿದು ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಕಿವಿಯೂ ಹೆಚ್ಚುಕಡಿಮೆ ಹೋಯಿತು. ಹಾಗಾಗಿ ಫೋನು ಮಾಡಬೇಡಿ. ವಾಟ್ಸಾಪೂ ಬೇಡ. ಒಬ್ಬರಿಗೆ ಬರೆದದ್ದು ಸಂಜೆಯೊಳಗೆ ಊರಿನ ಎಲ್ಲ ಗ್ರೂಪುಗಳಿಗೂ ಹೋಗುತ್ತದೆ, ಕೆಳಗೆ ಎಲ್ಲರೂ ಕೈಮುಗಿದಿರುತ್ತಾರೆ.

ಪೆನ್ಶನ್ ಬರುತ್ತದೆ. ಹಣ ಬೇಡ. ನನಗೆ ಬೇಕಾದದ್ದು ದಾರಿ. ಮನೆಯಿಂದ ಡಾಮರು ರಸ್ತೆಗೆ ಹೋಗಲು ಇರುವುದು ಎರಡು ಗದ್ದೆಗಳ ನಡುವಿನ ಹುಣಿ ಮಾತ್ರ. ಒಂದು ಪಾದ ಇಡುವಷ್ಟು ಅಗಲ. ಮಳೆಗಾಲದಲ್ಲಿ ಸಾಬೂನಿನ ಹಾಗೆ ಜಾರುತ್ತದೆ, ಕೃತಕ ಕಾಲು ಅದರ ಮೇಲೆ ನಿಲ್ಲುವುದಿಲ್ಲ. ಬಿದ್ದದ್ದೂ ಉಂಟು. ಖಾಸಗಿ ಜಾಗ, ಗದ್ದೆಯವರು ಒಪ್ಪಿ ಸಹಿ ಹಾಕಿದರೆ ಕಾಂಕ್ರೀಟು ಹಾಕಿ ಕೊಡುತ್ತೇವೆ ಎಂದು ಪಂಚಾಯತಿನವರು ಹೇಳುತ್ತಾರೆ. ಎಡಗಡೆಯ ಗದ್ದೆಯಿಂದ ಎರಡಡಿ, ಬಲಗಡೆಯದರಿಂದ ಎರಡಡಿ ಸಿಕ್ಕಿದರೆ ಮೂರು ಚಕ್ರದ ಸ್ಕೂಟರು ಅಂಗಳಕ್ಕೇ ಬರುತ್ತದೆ. ಗದ್ದೆಯವರ ಹತ್ತಿರ ಮಾತಾಡಲು ದೊಡ್ಡವರು ನಾಲ್ಕು ಜನ ಬನ್ನಿ ಎಂದು ನಾನು ಕೇಳದ ಸಂಘವಿಲ್ಲ. ಎಲ್ಲರೂ ಬಂದರು. ಸನ್ಮಾನ ಮಾಡಿದರು.

ಮೊನ್ನೆ ಹದಿನೈದಕ್ಕೆ ನಮ್ಮ ಯುವಕ ಮಂಡಲದ ಹುಡುಗರು ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು. ಮುಂದೊಬ್ಬ ಹಿಂದೊಬ್ಬ ಹುಣಿಯ ಮೇಲೆ, ಉಳಿದಿಬ್ಬರು ಬದಿಯ ಕೆಸರಿನಲ್ಲಿ. "ದೇವರ ಬಲಿ ಉತ್ಸವ ಹೊರಟ ಹಾಗೆ ಉಂಟು ವಿಠಲಣ್ಣ" ಎಂದು ಒಬ್ಬ ನನ್ನ ಕಿವಿಗೇ ಕೂಗಿದ. ವೇದಿಕೆಯ ಮೇಲೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಅಧ್ಯಕ್ಷರು ಭಾಷಣ ಮಾಡಿದರು. ಏನೂ ಕೇಳಲಿಲ್ಲ. ಜನ ಚಪ್ಪಾಳೆ ಹೊಡೆದಾಗ ನಾನೂ ಹೊಡೆದೆ. ಅದು ನನ್ನನ್ನೇ ಹೊಗಳಿದ್ದಂತೆ. ಆಮೇಲೆ ಅದೇ ಹುಣಿಯ ಮೇಲೆ ವಾಪಸು ತಂದು ಜಗಲಿಯಲ್ಲಿ ಇಟ್ಟರು.

ನಾನು ಹೊರಗೆ ಹೋಗಬೇಕಾದರೆ ಹೊರುವವರು ಬೇಕು. ಹೊರುವವರಿಗೆ ಒಂದು ಕಾರ್ಯಕ್ರಮ ಬೇಕು. ಇದೇ ನನ್ನ ಕಷ್ಟ.

ನಿಮ್ಮ ವೇದಿಕೆಯೂ ಸನ್ಮಾನ ಮಾಡುವುದಾದರೆ ಉತ್ತರ ಬರೆಯುವುದು ಬೇಡ.

ಇತಿ,
ವಿಠಲ


ಮಣಿಪಾಲ
2 ಸೆಪ್ಟೆಂಬರ್ 2024

ವಿಠಲಣ್ಣನವರಿಗೆ,

ಸಂಚಾಲಕರು ಎಂದರೆ ನಾನೇ, ಅಕ್ಷಿತಾ. ವೇದಿಕೆಯಲ್ಲಿ ಮೂವರಿದ್ದೇವೆ. ನಾನು, ಜೋಯ್‌ಸ್ಟನ್, ಮತ್ತು ಬರುತ್ತೇನೆಂದು ಹೇಳಿ ಒಮ್ಮೆಯೂ ಬಾರದ ಒಬ್ಬ. ನನ್ನ ಊರು ಕಾರ್ಕಳದ ಹತ್ತಿರದ ಕುಕ್ಕುಂದೂರು. ದಿನಾ ಬಸ್ಸಿನಲ್ಲಿ ಬಂದು ಇಲ್ಲಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕಾಲೇಜು ಅರ್ಧಕ್ಕೆ ಬಿಟ್ಟವಳು. ಅಂಗಡಿಗೆ ಪ್ರತಿ ತೆಗೆಯಲು ಬರುವ ಕಿರುಹೊತ್ತಗೆ, ಕರಪತ್ರಗಳನ್ನು ಯಂತ್ರದ ಬೆಳಕಿನಲ್ಲಿ ಓದಿಯೇ ನಾನು ಕಲಿತದ್ದು.

ನಿಮ್ಮ ಪತ್ರವನ್ನು ನಿಂತುಕೊಂಡೇ ಓದಿದೆ. ಆಮೇಲೆ ಕೂರಲು ಆಗಲಿಲ್ಲ. ನಿಮ್ಮನ್ನು ಹೊತ್ತ ಆ ನಾಲ್ವರಿಗೆ ಕೆಸರು ಮೆತ್ತಿದ ಮೇಲಾದರೂ ದಾರಿ ಇಲ್ಲವೆಂಬುದು ಹೊಳೆಯಲಿಲ್ಲವೇ? ನೀವು ಬೇಡುತ್ತಿಲ್ಲ, ಹಕ್ಕು ಕೇಳುತ್ತಿದ್ದೀರಿ. ಹಕ್ಕನ್ನು ಶಾಲಿನಲ್ಲಿ ಸುತ್ತಿ ಮುಚ್ಚುವ ಈ ಪದ್ಧತಿಯನ್ನೇ ನಾನು ವಿರೋಧಿಸುವುದು. ಯುದ್ಧಗಳನ್ನು ನಾನು ಒಪ್ಪುವುದಿಲ್ಲ. ಅದು ಬೇರೆ ಚರ್ಚೆ, ಇನ್ನೊಮ್ಮೆ ಮಾಡೋಣ. ಆದರೆ ಯುದ್ಧಕ್ಕೆ ಕಳುಹಿಸಿದ ಸಮಾಜ ವಾಪಸು ಬಂದವನಿಗೆ ಎರಡು ಅಡಿ ನೆಲ ಬಿಡುವುದಿಲ್ಲ ಎಂದರೆ ಅದು ನಾಚಿಕೆಗೇಡು.

ನಾವು ಸನ್ಮಾನ ಮಾಡುವುದಿಲ್ಲ. ಉಡುಪಿ, ಮಣಿಪಾಲ, ಕಾರ್ಕಳದ ಪ್ರತಿಯೊಂದು ಸಂಘದ ಬಾಗಿಲು ತಟ್ಟುತ್ತೇವೆ. ಎರಡೂ ಗದ್ದೆಗಳು ಯಾರವು ಎಂದು ತಿಳಿಸಿ.

ಹೋರಾಟದ ವಂದನೆಗಳೊಂದಿಗೆ,
ಅಕ್ಷಿತಾ


ಎಲ್ಲೂರು
15 ಸೆಪ್ಟೆಂಬರ್ 2024

ಅಕ್ಷಿತಾ ಅವರಿಗೆ,

ಯುದ್ಧವನ್ನು ನಾನೂ ಒಪ್ಪುವುದಿಲ್ಲ. ಆ ಚರ್ಚೆಯ ಸಮಯ ಉಳಿಯಿತು.

ಎಡಗಡೆಯದ್ದು ಬೆನೆಡಿಕ್ಟಾ ಬಾಯಮ್ಮನ ಗದ್ದೆ. ಗಂಡ ತೀರಿಹೋಗಿದ್ದಾರೆ, ಮಗ ಲಿಯೋನೆಲ್ ಕುವೈಟಿನಲ್ಲಿದ್ದಾನೆ. ಬಾಯಮ್ಮನ ಮಾತು ಕತ್ತಿಯಿಂದ ಕಡಿದ ಹಾಗೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಹೋಗುವವರು ನೋಡಿಕೊಂಡು ಹೋಗಬೇಕು. ಬಲಗಡೆಯದ್ದು ಮನೆಯೊಳಗಿನ ವಿಷಯ. ಅದನ್ನು ನಾನು ನೋಡಿಕೊಳ್ಳುತ್ತೇನೆ.

ದೊಡ್ಡ ಸಂಘದವರು ಯಾರಾದರೂ ಬಂದು ಇಬ್ಬರನ್ನೂ ಒಂದೇ ಜಾಗದಲ್ಲಿ ಕೂರಿಸಿ ಮಾತಾಡಿದರೆ ಸಾಕು. ಅದಕ್ಕಿಂತ ಹೆಚ್ಚು ಮಾಡುವುದು ಬೇಡ.

ಉಡುಪಿಯ ಸೇವಾ ಕ್ಲಬ್ಬಿನವರ ಹತ್ತಿರ ಹೋದರೆ ವೀಲ್‌ಚೇರ್ ಬೇಡ ಎಂದು ಮೊದಲೇ ಹೇಳಿ. ಮೂರು ಉಂಟು. ಒಂದರಲ್ಲಿ ಕೋಳಿ ಕಾವಿಗೆ ಕೂತಿದೆ. ಅದನ್ನು ಎಬ್ಬಿಸಲು ಪ್ರಣೀತಾ ಬಿಡುವುದಿಲ್ಲ.

ವಿಠಲ


ಮಣಿಪಾಲ
6 ಅಕ್ಟೋಬರ್ 2024

ಪ್ರೀತಿಯ ವಿಠಲಣ್ಣ,

ಮೂರು ವಾರ ತಿರುಗಿದೆವು. ವರದಿ ಕೊಡುತ್ತೇನೆ.

ಉಡುಪಿಯ ಕ್ಲಬ್ಬು: ನಾನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು, "ವೀಲ್‌ಚೇರ್ ತಾನೇ? ಕೊಡುವ, ಕೊಡುವ" ಎಂದರು. ವೀಲ್‌ಚೇರ್ ಬೇಡ, ದಾರಿ ಬೇಕು ಎಂದೆ. "ದಾರಿ ನಮ್ಮ ಯೋಜನೆಯಲ್ಲಿ ಬರುವುದಿಲ್ಲಲ್ಲ ಮಾರಾಯ್ರೇ. ಕೃತಕ ಕಾಲು ಬೇಕಾದರೆ ಹೇಳಿ, ಇನ್ನೊಂದು ಕೊಡುವ." ಹೋದದ್ದು ಒಂದೇ ಕಾಲು ಸರ್ ಎಂದು ಜೋಯ್‌ಸ್ಟನ್ ಹೇಳಿದ. ಅವರು ನಗಲಿಲ್ಲ.

ಕಾರ್ಕಳದ ಸಮಾಜದ ಸಂಘ: ಮೊದಲ ಪ್ರಶ್ನೆ, "ಅವರು ನಮ್ಮವರಾ?" ಎರಡನೆಯದ್ದು, "ನೀನು ಯಾರ ಮಗಳು?" ಮೂರನೆಯ ಪ್ರಶ್ನೆಗೆ ನಾನು ಕೂರಲಿಲ್ಲ.

ಮಣಿಪಾಲದ ವಿದ್ಯಾರ್ಥಿ ಸ್ವಯಂಸೇವಕರು ನಿಮ್ಮ ಮೇಲೆ ಒಂದು ರೀಲ್ ಮಾಡುತ್ತಾರಂತೆ. ನೀವು ಹುಣಿಯ ಮೇಲೆ ಬೀಳುವ ದೃಶ್ಯ ಇದ್ದರೆ ಒಳ್ಳೆಯದಂತೆ. ಇದ್ದರೆ ಅಂತೆ!

ಒಳ್ಳೆಯವರು ಸಿಕ್ಕಿದ್ದು ನಿಮ್ಮ ಊರಿನಲ್ಲಿಯೇ. ಕಳೆದ ಭಾನುವಾರ ನಾನೊಬ್ಬಳೇ ನಿಮ್ಮ ಯುವಕ ಮಂಡಲದ ಅಧ್ಯಕ್ಷ ಲೀಲಾಧರರ ಮನೆಗೆ ಹೋಗಿದ್ದೆ. ಮಳೆ ಜೋರಾಗಿ ಕಡೆಯ ಬಸ್ಸಿಗೆ ಓಡಬೇಕಾಯಿತು, ನಿಮ್ಮಲ್ಲಿಗೆ ಬರಲಾಗಲಿಲ್ಲ. ಎಷ್ಟು ಸಜ್ಜನರು! "ವಿಠಲ ನಮ್ಮ ಊರಿನ ಹೆಮ್ಮೆ. ತಕರಾರು ಇರುವುದು ಬಾಯಮ್ಮನದ್ದು. ಮಗ ಕುವೈಟಿನಲ್ಲಿ, ಇವರಿಗೆ ಗದ್ದೆ ಯಾಕೆ ಹೇಳಿ? ನಾಲ್ಕಡಿಯೂ ಆಚೆಯಿಂದಲೇ ತೆಗೆಯಬಹುದು" ಎಂದರು. ಚಹಾ ಕೊಡಿಸಿದರು. ಚಹಾ ತಂದ ಅವರ ಹೆಂಡತಿ ಒಂದು ಮಾತೂ ಆಡದೆ ನನ್ನನ್ನೇ ನೋಡುತ್ತಾ ಬಾಗಿಲಲ್ಲಿ ನಿಂತಿದ್ದರು. ಇಂಥ ಮನೆಗಳಲ್ಲಿ ಹೆಂಗಸರಿಗೆ ಮಾತಿಲ್ಲ. ಅದು ಇನ್ನೊಂದು ಹೋರಾಟ.

ನೀವು ಬಾಯಮ್ಮನ ಬಗ್ಗೆ ಎಷ್ಟು ಮೆತ್ತಗೆ ಬರೆದಿದ್ದಿರಿ! ಈಗ ಅರ್ಥವಾಯಿತು, ನೀವು ಯಾರನ್ನೂ ದೂರುವವರಲ್ಲ. ದೂರುವ ಕೆಲಸ ನಮ್ಮದು. ಕರಪತ್ರ ಬರೆಯುತ್ತಿದ್ದೇನೆ.

ಅಕ್ಷಿತಾ


ಎಲ್ಲೂರು
20 ಅಕ್ಟೋಬರ್ 2024

ಅಕ್ಷಿತಾ ಅವರಿಗೆ,

ಕರಪತ್ರ ಬೇಡ. ಲೀಲಾಧರರ ಮನೆಗೆ ನೀವು ಹೋಗಬಾರದಿತ್ತು. ಕಾರಣ ಕೇಳಬೇಡಿ.

ದೊಡ್ಡವರು ಯಾರೂ ಬರುವುದಿಲ್ಲ ಎಂದಾದರೆ ಇಲ್ಲಿಗೇ ಬಿಡಿ. ಮಳೆ ನಿಂತಿದೆ. ಹುಣಿ ಒಣಗಿದ ಮೇಲೆ ಕೋಲು ಹಿಡಿದು ಸ್ವಲ್ಪ ನಡೆಯಲು ಆಗುತ್ತದೆ. ಮುಂದಿನ ಮಳೆಗಾಲವನ್ನು ಮುಂದೆ ನೋಡುವ.

ವಿಠಲ


ಮಣಿಪಾಲ
24 ನವೆಂಬರ್ 2024

ಪ್ರೀತಿಯ ವಿಠಲಣ್ಣ,

ನಿಮ್ಮ ಪತ್ರ ಬರುವಾಗ ಕರಪತ್ರ ಅಚ್ಚಿಗೆ ಹೋಗಿತ್ತು. ತಡೆಯಬಹುದಿತ್ತು. ತಡೆಯಲಿಲ್ಲ. ನೀವು ಹೆದರಿದ್ದೀರಿ, ಹೆದರಿದವರ ಪರವಾಗಿ ಹೆದರದವರು ಮಾತಾಡಬೇಕು ಎಂದುಕೊಂಡೆ. ತಪ್ಪಿದ್ದರೆ ಬೈಯಿರಿ. ಆದರೆ ಮೊದಲು ಸುದ್ದಿ ಕೇಳಿ.

'ದೇಶಕ್ಕೆ ಕಾಲು ಕೊಟ್ಟವನಿಗೆ ಕಾಲಿಡಲು ನೆಲ ಬಿಡದ ಜಮೀನ್ದಾರಿಣಿ ಯಾರು?' ಇದು ತಲೆಬರಹ. ಕಾಪು, ಉಡುಪಿ, ಕಾರ್ಕಳದ ಬಸ್ಸು ನಿಲ್ದಾಣಗಳಲ್ಲಿ ಹಂಚಿದೆವು. ಇಷ್ಟು ದಿನ ಮಲಗಿದ್ದ ಸಂಘಗಳು ಎದ್ದಿವೆ! ಕಾರ್ಕಳದ ಒಂದು ಯುವಪಡೆಯವರು ನನ್ನನ್ನು ಹುಡುಕಿಕೊಂಡು ಅಂಗಡಿಗೇ ಬಂದರು.

"ಗದ್ದೆ ಯಾರದ್ದು ಮಾರಾಯ್ತಿ? ಇದರಲ್ಲಿ ಹೆಸರೇ ಇಲ್ಲ."

"ಬೆನೆಡಿಕ್ಟಾ ಎಂಬವರದ್ದು."

ಕೇಳಿದವನು ಪಕ್ಕದವನ ಮುಖ ನೋಡಿ ನಕ್ಕ. "ಹಾಗೆ ಹೇಳಿ. ಇನ್ನು ನಮಗೆ ಬಿಡಿ."

ಡಿಸೆಂಬರ್ ಒಂದು, ಭಾನುವಾರ ಬೆಳಿಗ್ಗೆ ಹಾರೆ ಪಿಕ್ಕಾಸು ಹಿಡಿದು ಬರುತ್ತಾರೆ. ಶ್ರಮದಾನ. ಒಂದೇ ಬೆಳಗಿನಲ್ಲಿ ದಾರಿ. ಲೀಲಾಧರರೂ ಒಪ್ಪಿದ್ದಾರೆ. ನನಗೆ ಬರಲಾಗುವುದಿಲ್ಲ, ಕಾಲೇಜುಗಳ ಪರೀಕ್ಷೆಯ ಸಮಯ, ಅಂಗಡಿಗೆ ರಜೆ ಇಲ್ಲ.

ಆ ನಗು ಮಾತ್ರ ನನಗೆ ಸರಿ ಕಾಣಲಿಲ್ಲ. ಜೋಯ್‌ಸ್ಟನ್‌ಗೆ ಹೇಳಿದೆ. ಅವನು ಕರಪತ್ರವನ್ನು ಇನ್ನೊಮ್ಮೆ ಓದಿ, ಮಡಚಿ ಜೇಬಿಗಿಟ್ಟು ಹೊರಟುಹೋದ. ಅಂದಿನಿಂದ ಚಹಾಕ್ಕೂ ಬಂದಿಲ್ಲ. ಅವನಿಗೆ ಎಂತ ಆಯಿತೋ. ಆದರೆ ವಿಠಲಣ್ಣ, ದಾರಿ ಆಗುವುದು ಮುಖ್ಯ ಅಲ್ವಾ? ನಿಮಗೆ ಮಳೆಗಾಲದ ಮೊದಲು ದಾರಿ ಬೇಕು. ಅದು ಬರುತ್ತಿದೆ.

ಅಕ್ಷಿತಾ


ಎಲ್ಲೂರು
3 ಡಿಸೆಂಬರ್ 2024

ಅಕ್ಷಿತಾ,

ಇನ್ನು ಮೇಲೆ ನೀನು ಎಂದೇ ಬರೆಯುತ್ತೇನೆ. ಬೈಯುವಾಗ ನೀವು ಎನ್ನಲು ನನಗೆ ಬರುವುದಿಲ್ಲ.

ಬಂದರು. ಎರಡು ಟೆಂಪೋ ತುಂಬ. ಹಾರೆಗಿಂತ ಬಾವುಟ ಹೆಚ್ಚಿತ್ತು. ಮುಂದಿನಿಂದ ಲೀಲಾಧರರು, ಕೈಯಲ್ಲಿ ನನಗೆ ಹಾಕಲು ಹಾರ. ಹಗ್ಗ ಹಿಡಿದರು. ನಾಲ್ಕಡಿಯೂ ಬಾಯಮ್ಮನ ಗದ್ದೆಯೊಳಗೆ. ಅಲ್ಲಿ ಉದ್ದು ಆಗಷ್ಟೇ ಎರಡೆಲೆ ಬಿಟ್ಟಿತ್ತು. ಅದರ ಮೇಲೆಯೇ ನಿಂತು ಫೋಟೋ ತೆಗೆದುಕೊಂಡರು. ಬಾಯಮ್ಮ ತಮ್ಮ ಜಗಲಿಯಲ್ಲಿ ಹಿಡಿಸೂಡಿ ಹಿಡಿದು ನಿಂತಿದ್ದರು. ಗುಡಿಸುತ್ತಿರಲಿಲ್ಲ.

ನನಗೆ ಕೂಗುವುದು ಕಾಣುತ್ತದೆ, ಕೇಳುವುದಿಲ್ಲ. ಎಂತ ಹೇಳುವುದು ಎಂದು ಪ್ರಣೀತಾಳನ್ನು ಕೇಳಿದೆ. ಅವಳು ಕಿವಿಯ ಹತ್ತಿರ ಬಂದು, "ನಿಮಗೆ ಜೈ ಅನ್ನುತ್ತಾರೆ" ಎಂದಳು.

"ಬಾಯಮ್ಮನಿಗೆ?"

"ಅದನ್ನು ನನ್ನ ಬಾಯಿಯಲ್ಲಿ ಹೇಳಿಸಬೇಡಿ."

ಕೋಲು ಹಿಡಿದು ಇಳಿದೆ. ಪಿಕ್ಕಾಸು ಬೀಳುವ ಜಾಗದಲ್ಲಿ ಹೋಗಿ ನಿಂತೆ. "ಭಾವ, ಬಲಗಡೆಯಿಂದ ಶುರು ಮಾಡುವ" ಎಂದೆ. ಕಿವಿ ಹೋದ ಮೇಲೆ ನಾನು ಎಷ್ಟು ಗಟ್ಟಿಯಾಗಿ ಮಾತಾಡುತ್ತೇನೆ ಎಂದು ನನಗೆ ಗೊತ್ತಾಗುವುದಿಲ್ಲ. ರಸ್ತೆಯಾಚೆಯ ಅಂಗಡಿಗೂ ಕೇಳಿತಂತೆ.

ಕಾರ್ಕಳದ ಒಬ್ಬ ಹುಡುಗ ಮುಂದೆ ಬಂದು, ಬಲಗಡೆಯದ್ದು ಯಾರದ್ದು ಎಂದು ಕೈಸನ್ನೆಯಲ್ಲಿ ಕೇಳಿದ.

"ಇವರದ್ದೇ. ನನ್ನ ಅಕ್ಕ ವಿನೋದಳ ಗಂಡ. ನಿಮ್ಮನ್ನು ಕರೆದುಕೊಂಡು ಬಂದವರು."

ಹೌದು, ಅಕ್ಷಿತಾ. ನೀನು ಚಹಾ ಕುಡಿದ ಮನೆ ನನ್ನ ಅಕ್ಕನದ್ದು. ಬಾಯಿ ತೆರೆಯದೆ ನಿಂತಿದ್ದವಳು ನನ್ನ ಅಕ್ಕ. ಅಮ್ಮ ತೀರಿಹೋದ ಮೇಲೆ ಪಾಲಾದಾಗ ನಾನು ಉತ್ತರದಲ್ಲಿದ್ದೆ. ಮನೆ ನನಗೆ, ಗದ್ದೆ ಅಕ್ಕನಿಗೆ ಎಂದು ಬರೆದರು. ದಾರಿಯ ವಿಷಯ ಯಾರೋ ಎತ್ತಿದ್ದಕ್ಕೆ, ಅಕ್ಕನ ಗದ್ದೆಯಲ್ಲಿ ತಮ್ಮ ನಡೆಯುವುದನ್ನು ಬರೆಸಿಕೊಳ್ಳುವುದು ಉಂಟಾ ಎಂದು ಎಲ್ಲರೂ ನಕ್ಕರಂತೆ. ಹಾಗಾಗಿ ಬರೆಯಲಿಲ್ಲ. ಈಗ ಭಾವ ಒಂದು ಅಡಿಯೂ ಬಿಡುವುದಿಲ್ಲ ಎನ್ನುತ್ತಾರೆ. ರಸ್ತೆ ಬದಿಯ ಜಾಗ, ಸೈಟು ಮಾಡಿದರೆ ಬೆಲೆ ಉಂಟು. ಸಂಘದವರಿಗೆಲ್ಲ ಇದು ಗೊತ್ತು. ಅಧ್ಯಕ್ಷರ ಎದುರು ಯಾರು ಮಾತಾಡುತ್ತಾರೆ? ಅದಕ್ಕೇ ಶಾಲು ಹಾಕಿ ಹೋಗುವುದು.

ಬಾಯಮ್ಮ ನನಗೆ ಯಾವತ್ತೋ ಹೇಳಿದ್ದರು, ಆಚೆಯವರು ಎರಡಡಿ ಬಿಟ್ಟ ದಿನ ನಾನೂ ಬಿಡುತ್ತೇನೆ ಎಂದು. ಒಂದೇ ಮಾತು. ಅದನ್ನು ನಿನಗೆ ನಾನು ಬರೆಯಲಿಲ್ಲ. ಬರೆದರೆ ಆಚೆಯವರು ಯಾರು ಎಂದು ನೀನು ಕೇಳುತ್ತಿದ್ದೆ. ನಮ್ಮ ಮನೆಯದ್ದನ್ನು ಹೊರಗಿನವಳಿಗೆ ಬರೆಯಲು ನನಗೆ ಕೈ ಬರಲಿಲ್ಲ.

ಜನ ಚದುರಿದರು. ಯಾರೂ ಏಟು ತಿನ್ನಲಿಲ್ಲ, ಅದೊಂದು ಒಳ್ಳೆಯದಾಯಿತು. ಆದರೆ ಮರುದಿನ ಹುಣಿಯ ಎಡಬದಿಗೆ ತಂತಿ ಬೇಲಿ ಬಂತು. ಒಂದು ಇಂಚೂ ಬಿಡಬಾರದು ಎಂದು ಲಿಯೋನೆಲ್ ಕುವೈಟಿನಿಂದ ಹೇಳಿದ್ದಾನೆ. ಬಾಯಮ್ಮನ ಗದ್ದೆಯ ಕೆಲಸಕ್ಕೆ ಬರುತ್ತಿದ್ದ ಹೆಂಗಸರು ಗಲಾಟೆ ಬೇಡ ಎಂದು ಬರುವುದನ್ನು ಬಿಟ್ಟಿದ್ದಾರೆ. ಅಕ್ಕ ಇತ್ತ ತಲೆ ಹಾಕಿಲ್ಲ.

ಮೊದಲು ಒಂದು ಬದಿಯಾದರೂ ಇತ್ತು. ನಿನ್ನ ಕರಪತ್ರ ಬಂದು ಎರಡೂ ಹೋಯಿತು.

ವಿಠಲ


ಕುಕ್ಕುಂದೂರು
27 ಜನವರಿ 2025

ವಿಠಲಣ್ಣ,

ಇದಕ್ಕಿಂತ ಮೊದಲು ಬರೆದವನ್ನೆಲ್ಲ ಹರಿದುಹಾಕಿದೆ. ಎಲ್ಲದರಲ್ಲೂ ಸಮರ್ಥನೆ ಇತ್ತು.

ಜೋಯ್‌ಸ್ಟನ್‌ನ ಮನೆಗೆ ಹೋದೆ. "ನನ್ನ ಅಜ್ಜಿಯ ಹೆಸರೂ ಬೆನೆಡಿಕ್ಟಾ" ಎಂದ. ಅಷ್ಟೇ. ಆಮೇಲೆ ಅವನೇ, "ನಡಿ, ಎಲ್ಲೂರಿಗೆ ಹೋಗುವ" ಎಂದು ಬೈಕು ತೆಗೆದ. ನಿಮ್ಮ ಮನೆಯ ಕಡೆ ನೋಡುವ ಧೈರ್ಯ ಬರಲಿಲ್ಲ. ನೇರ ಬಾಯಮ್ಮನ ಅಂಗಳಕ್ಕೆ ಹೋದೆವು. ಜೋಯ್‌ಸ್ಟನ್ ಕೊಂಕಣಿಯಲ್ಲಿ ಶುರು ಮಾಡಿದ. ಅವರು ಕನ್ನಡದಲ್ಲೇ ಉತ್ತರ ಕೊಟ್ಟರು, ನನಗೂ ತಿಳಿಯಲಿ ಎಂದೇ.

"ಜಮೀನ್ದಾರಿಣಿ ಎಂದು ಬರೆದದ್ದು ನೀನಾ? ನೋಡು, ನನ್ನ ಜಮೀನು. ಎರಡು ಲುಂಗಿ ಹಾಸಿದಷ್ಟು ಉಂಟು. ಕಣ್ಣು ತುಂಬ ನೋಡು."

ತಪ್ಪಾಯಿತು ಎಂದೆ. ತಪ್ಪೊಪ್ಪಿಗೆಯ ಕರಪತ್ರ ಅಚ್ಚು ಹಾಕಿಸಿ ಎಲ್ಲ ಬಸ್ಸು ನಿಲ್ದಾಣಗಳಲ್ಲಿ ಹಂಚುತ್ತೇನೆ ಎಂದೆ.

"ಇನ್ನೂ ಕಾಗದವಾ? ಬೇಡ ಮಾರಾಯ್ತಿ. ಅದರಲ್ಲಿಯೂ ನನ್ನ ಹೆಸರು ಇರುತ್ತದೆ ಅಲ್ವಾ? ಜನ ಒಮ್ಮೆ ಮರೆತದ್ದನ್ನು ಪುನಃ ಓದುತ್ತಾರೆ." ಆಮೇಲೆ ನನ್ನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದರು. "ಉದ್ದು ಕೀಳಲು ಬರುತ್ತದಾ?"

ಬರುವುದಿಲ್ಲ ಎಂದೆ.

"ಕಲಿತುಕೋ. ನೀನು ಓಡಿಸಿದ ಆಳುಗಳ ಬದಲು ನೀನೇ ಬಾ."

ಭಾನುವಾರಗಳಂದು ಬರುತ್ತೇವೆ. ದಾರಿಯ ಮಾತು ಅವರ ಹತ್ತಿರ ಎತ್ತುವುದಿಲ್ಲ, ಎತ್ತುವ ಹಕ್ಕು ನನಗಿಲ್ಲ. ಆದರೆ ಮಳೆಗೆ ಇನ್ನೆಷ್ಟು ತಿಂಗಳು ಉಳಿಯಿತು ಎಂದು ಎಣಿಸುವುದು ನಿಂತಿಲ್ಲ. ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡ ಹಾಗೆ ತಲೆಯೊಳಗೆ ಒಂದೇ ಶಬ್ದ.

ಅಕ್ಷಿತಾ


ಎಲ್ಲೂರು
3 ಮಾರ್ಚ್ 2025

ತಂಗಿ ಅಕ್ಷಿತಾ,

ನಿನ್ನನ್ನು ಜಗಲಿಯಿಂದ ನೋಡುತ್ತಿದ್ದೇನೆ. ಉದ್ದಿನ ಗಿಡವನ್ನು ಹಾಗೆ ಯುದ್ಧ ಮಾಡಿ ಕೀಳುವುದಲ್ಲ. ಬುಡದಲ್ಲಿ ಹಿಡಿದು ಓರೆಯಾಗಿ ಎಳೆಯಬೇಕು. ಜೋಯ್‌ಸ್ಟನ್ ವಾಸಿ. ನಿನ್ನೆ ಮಧ್ಯಾಹ್ನ ನೀವಿಬ್ಬರೂ ಇಲ್ಲಿ ಊಟ ಮಾಡಿದ್ದು ಪ್ರಣೀತಾಳಿಗೆ ಖುಷಿಯಾಗಿದೆ. ನನಗೂ. ನೀನು ಮಾತಾಡುವಾಗ ಇಷ್ಟು ವೇಗವಾಗಿ ತುಟಿ ಆಡಿಸುತ್ತೀ, ಅರ್ಧವೂ ತಿಳಿಯಲಿಲ್ಲ. ಬರೆಯುವುದೇ ಒಳ್ಳೆಯದು.

ನೀವು ಹೋದ ಮೇಲೆ ಅಕ್ಕ ಬಂದಳು. ಡಿಸೆಂಬರಿನ ನಂತರ ಮೊದಲ ಸಲ. ಕೂರಲಿಲ್ಲ. ನನ್ನ ಮುಖದ ಎದುರು ನಿಂತು, ನನಗೆ ತಿಳಿಯುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಜಿಲ್ಲೆಯ ಎಲ್ಲ ಸಂಘಕ್ಕೂ ಅರ್ಜಿ ಕೊಟ್ಟೆ. ಕ್ಲಬ್ಬಿಗೆ ಕೊಟ್ಟೆ. ಕಾರ್ಕಳದ ಹುಡುಗಿಗೆ ಕೊಟ್ಟೆ. ನನ್ನನ್ನು ಕೇಳಿದ್ದೀಯಾ?"

"ಭಾವನನ್ನು ಕೇಳಿದ್ದೆನಲ್ಲ" ಎಂದೆ.

"ಭಾವನದ್ದು ಎಂತ ಉಂಟು ಇಲ್ಲಿ? ಗದ್ದೆ ಅಮ್ಮನಿಂದ ನನಗೆ ಬಂದದ್ದು. ಅವರಿಗೆ ಅವರ ಅಮ್ಮನಿಂದ ಬೇರೆ ಬಂದಿದೆ. ಅದರ ಮೇಲೆ ಅವರು ಸೈಟು ಮಾಡಲಿ, ಮಾಳಿಗೆ ಕಟ್ಟಲಿ."

ಭಾವನ ಹತ್ತಿರ ನಾನು ಅನೇಕ ಸಲ ಮಾತಾಡಿದ್ದೇನೆ, ಆ ಮನೆಯ ಜಗಲಿಯಲ್ಲಿಯೇ ಕೂತು. ಅಕ್ಕ ಒಳಗೆ ಇರುತ್ತಿದ್ದಳು. ಅವಳ ಗದ್ದೆಯ ಬಗ್ಗೆ ಅವಳಿಗೆ ಕೇಳುವ ಹಾಗೆ ಮಾತಾಡಿದೆವು, ಅವಳ ಹತ್ತಿರ ಮಾತಾಡಲಿಲ್ಲ. ಅದು ನನಗೆ ತೋರಲೇ ಇಲ್ಲ.

"ಚಿಕ್ಕಂದಿನಲ್ಲಿ ಪೆನ್ಸಿಲ್ ಬೇಕಾದರೂ ನನ್ನನ್ನು ಕೇಳುತ್ತಿದ್ದೆ. ಈಗ ದೊಡ್ಡವರನ್ನು ಕರೆಸುತ್ತೀಯಾ ನನ್ನ ಹತ್ತಿರ ಮಾತಾಡಿಸಲು? ತಮ್ಮ ಬಂದು ಕೇಳಲಿ, ಕೇಳಲಿ ಎಂದು ನಾನು ಕಾದದ್ದು ನಿನಗೆ ಗೊತ್ತುಂಟಾ? ಆ ಹುಡುಗಿ ಬಂದ ದಿನ, ಇವಳಾದರೂ ನನ್ನನ್ನು ಕೇಳುತ್ತಾಳಾ ಎಂದು ಬಾಗಿಲಲ್ಲಿ ನಿಂತೆ. ಅವಳು ನನಗೆ ಥ್ಯಾಂಕ್ಸ್ ಹೇಳಿ ಲೋಟ ಕೊಟ್ಟಳು."

ಆಗ ನಾನು ಕೇಳಿದೆ. ಅಕ್ಕಾ, ನನಗೆ ಎರಡಡಿ ದಾರಿ ಬಿಡುತ್ತೀಯಾ ಎಂದು. ಮೂರು ವೀಲ್‌ಚೇರ್ ತೆಗೆದುಕೊಳ್ಳುವಾಗ ಆಗದ ನಾಚಿಕೆ ಆಗ ಆಯಿತು.

ಬಿಡುತ್ತೇನೆ ಎನ್ನಲಿಲ್ಲ. "ಎಲ್ಲರೆದುರು ನನ್ನ ಗಂಡನ ಮರ್ಯಾದೆ ತೆಗೆದಿದ್ದೀಯ. ಅದು ನನ್ನ ಮನೆಯ ಮರ್ಯಾದೆಯೂ ಹೌದು. ಯೋಚಿಸುತ್ತೇನೆ" ಎಂದು ಹುಣಿಯ ಮೇಲೆಯೇ ನಡೆದು ಹೋದಳು. ತಿರುಗಿ ನೋಡಲಿಲ್ಲ.

ಕಾಯುತ್ತಿದ್ದೇನೆ.

ವಿಠಲ


ಮಣಿಪಾಲ
17 ಮಾರ್ಚ್ 2025

ಅಣ್ಣಾ,

ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಮೇಲೆ ಎರಡು ಕರಪತ್ರ ಬರೆದವಳು ನಾನು. ಹಕ್ಕುದಾರಳ ಕೈಯಿಂದಲೇ ಚಹಾ ತೆಗೆದುಕೊಂಡು, ಅವಳ ಗಂಡನ ಮಾತು ಕೇಳಿ ಬಂದವಳೂ ನಾನೇ. ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ಪ್ರತಿಗಳನ್ನೆಲ್ಲ ತಲೆಕೆಳಗಾಗಿ ತೆಗೆದೆ. ಅಂಗಡಿಯ ಯಜಮಾನರು ಜ್ವರವಾ ಎಂದು ಕೇಳಿದರು.

ನಾನು ವಿನೋದಕ್ಕನ ಹತ್ತಿರ ಹೋಗಲೇ? ಕ್ಷಮೆ ಕೇಳಲು ಮಾತ್ರ. ದಾರಿಯ ಮಾತು ಎತ್ತುವುದಿಲ್ಲ. ಬೇಡವೆಂದರೆ ಹೋಗುವುದಿಲ್ಲ. ಈ ಸಲ ನಿಜವಾಗಿ ಹೋಗುವುದಿಲ್ಲ.

ಬಾಯಮ್ಮನ ಉದ್ದು ಮುಗಿಯಿತು. ಬೇಲಿ ತೆಗೆಯುವ ಲಕ್ಷಣ ಇಲ್ಲ. ನಿನ್ನೆ ಅವರಾಗಿಯೇ ಹೇಳಿದರು, "ವಿಠಲ ಒಳ್ಳೆಯವನು. ಆದರೆ ಆ ದಿನ ಕೂಗಿದವರು ವಿಠಲನ ಹೆಸರು ಹಿಡಿದೇ ಕೂಗಿದ್ದು. ನಾನು ಮರೆತರೂ ಮಗ ಮರೆಯುವುದಿಲ್ಲ." ನಾನು ಇನ್ನೊಂದು ಗೋಣಿ ಹೊಲಿದೆ.

ಕೈ ಕಟ್ಟಿ ಕಾಯುವುದು ಹೇಗೆ ಅಣ್ಣಾ? ಸೈನ್ಯದಲ್ಲಿ ಕಲಿಸುತ್ತಾರಾ? ನನಗೆ ರಾತ್ರಿಯೆಲ್ಲ ಘೋಷಣೆಗಳು ಬರುತ್ತವೆ, ಯಾರ ವಿರುದ್ಧ ಕೂಗಬೇಕು ಎಂದು ಮಾತ್ರ ಗೊತ್ತಾಗುವುದಿಲ್ಲ.

ಅಕ್ಷಿತಾ


ಎಲ್ಲೂರು
9 ಜೂನ್ 2025

ತಂಗಿ ಅಕ್ಷಿತಾ,

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ಏನಾಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಅರ್ಧ ಬರೆದರೆ ನೀನು ಉಳಿದರ್ಧ ಮಾಡಲು ಹೊರಡುತ್ತಿದ್ದೆ.

ಅಕ್ಕ ಏಪ್ರಿಲ್ ಕೊನೆಗೆ ಬಂದು ಎರಡಡಿಗೆ ಸಹಿ ಹಾಕಿದಳು. ಭಾವ ಅವಳ ಹತ್ತಿರ ಮಾತು ಬಿಟ್ಟಿದ್ದಾರೆ. "ಮಾತು ಬಿಟ್ಟ ಮೇಲೆ ಮನೆ ತಣ್ಣಗುಂಟು" ಎಂದಳು, ಆದರೆ ಹೇಳುವಾಗ ನನ್ನ ಕಡೆ ನೋಡಲಿಲ್ಲ. ನನ್ನ ದಾರಿಯ ಬೆಲೆ ಅವಳು ಕೊಡುತ್ತಿದ್ದಾಳೆ. ಅದನ್ನು ಹಗುರ ಮಾಡುವುದು ಹೇಗೆ ಎಂದು ನನಗೆ ತಿಳಿಯುವುದಿಲ್ಲ. ಕ್ಷಮೆ ಕೇಳಲು ಹೋಗಲೇ ಎಂದು ಕೇಳಿದ್ದೆಯಲ್ಲ, ಈಗ ಹೋಗು.

ಬಾಯಮ್ಮನನ್ನು ನಾನೇ ಹೋಗಿ ಕೇಳಿದೆ, ಯಾರನ್ನೂ ಕರೆದುಕೊಂಡು ಹೋಗದೆ. "ಆಚೆಯವರು ಬಿಟ್ಟರಾ?" ಎಂದು ಕೇಳಿದರು. ಬಿಟ್ಟರು ಎಂದೆ. ಬೇಲಿಯ ಕಡೆ ನೋಡಿದರು. ಆಮೇಲೆ, "ನಾನು ಮಾತು ಕೊಟ್ಟದ್ದು ಹೌದು. ಈಗ ಆಗುವುದಿಲ್ಲ ವಿಠಲ" ಎಂದರು. ಅವರು ಮಾತು ತಪ್ಪಿದ್ದನ್ನು ನಾನು ಮೊದಲ ಸಲ ನೋಡಿದ್ದು. ತಪ್ಪಿಸಿದ್ದು ನಾವು. ಉದ್ದು ಮುಗಿದ ಮೇಲೆ ನಿಂತ ನಿನ್ನ ಭಾನುವಾರದ ಕೆಲಸವನ್ನು ಪುನಃ ಶುರು ಮಾಡು. ನಾಟಿಗೆ ಜನ ಇಲ್ಲ.

ಹಾಗಾಗಿ ಅಕ್ಕನ ಎರಡಡಿ ಮತ್ತು ಹುಣಿ, ಇಷ್ಟೇ. ಪಂಚಾಯತಿನ ಕಾಂಕ್ರೀಟು ಮಳೆ ಮುಗಿದ ಮೇಲಂತೆ. ಅಲ್ಲಿಯವರೆಗೆ ಇರಲಿ ಎಂದು ಅಕ್ಕನೇ ಕೆಂಪುಕಲ್ಲು ತರಿಸಿ ಹಾಸಿದಳು. ಸ್ಕೂಟರು ಬರುವುದಿಲ್ಲ. ಕೋಲು ಹಿಡಿದ ಮನುಷ್ಯ ಹೋಗಬಹುದು.

ಇಂದು ಬೆಳಿಗ್ಗೆ ಮಳೆ ಜೋರಿತ್ತು. ಸ್ವಲ್ಪ ಬಿಟ್ಟಾಗ ಹೊರಟೆ. ಕಾಲು ಜಾರಲಿಲ್ಲ. ರಸ್ತೆಯ ತನಕ ಹೋದೆ, ಅಂಚಿನಲ್ಲಿ ನಿಂತೆ. ನೋಡಲು ಅಲ್ಲಿ ಏನೂ ಇರಲಿಲ್ಲ. ಹಾಲಿನ ವ್ಯಾನು ಹೋಯಿತು, ಒಂದು ನಾಯಿ ಹೋಯಿತು. ಕೂಸಪ್ಪನ ರಿಕ್ಷಾ ಬಂದು ನಿಂತಿತು. ನಮ್ಮ ಊರಿನವನೇ. ತಲೆ ಹೊರಗೆ ಹಾಕಿ ನನ್ನ ಹಿಂದೆ ಮುಂದೆ ಯಾರಾದರೂ ಇದ್ದಾರಾ ಎಂದು ನೋಡಿದ. ಅವನ ಬಾಯಿ ನೋಡಿ ಮಾತು ತಿಳಿಯಿತು.

"ಎಂತ ವಿಠಲಣ್ಣ, ಎಲ್ಲಿ ಕಾರ್ಯಕ್ರಮ?"

"ಎಲ್ಲಿಯೂ ಇಲ್ಲ ಮಾರಾಯ. ಸುಮ್ಮನೆ ಬಂದದ್ದು."

ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದ. ನಾನೂ ಇನ್ನೊಮ್ಮೆ ಹೇಳಿದೆ. ರಿಕ್ಷಾ ಹೋದ ಮೇಲೆ, ಪುನಃ ಮಳೆ ಹಿಡಿಯುವ ತನಕ ಅಲ್ಲೇ ನಿಂತಿದ್ದೆ.

ನಿನ್ನ ಅಣ್ಣ,
ವಿಠಲ